ಹಿಡಿಯುವ ಕೈ, ಹೊಡೆಯುವ ಕೈ

(ರಾಯಚೂರಿನಲ್ಲಿ ನಡೆದ ಕಾನೂನು ಅರಿವು ಸಭೆಯೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ನಮ್ಮ ಜಿಲ್ಲೆಯಲ್ಲಿ ಒಂದು ಮಾತು ದಿನವೂ ಕಿವಿಗೆ ಬೀಳುತ್ತದೆ. ‘ಪೊಲೀಸ್ರು ಹಿಡ್ಕಂಡು ಹೋಗ್ಯಾರ್ರೀ.’ ಮಗ ರಾತ್ರಿ ಮನೆಗೆ ಬರಲಿಲ್ಲವೆಂದು ಕೋರ್ಟಿನ ಆವರಣಕ್ಕೆ ಬಂದ ತಾಯಿ ಹೇಳುವುದು ಇದನ್ನೇ. ಪಂಚಾಯಿತಿ ಕಟ್ಟೆಯ ಮೇಲೆ ಕುಳಿತವರು ಹೇಳುವುದೂ ಇದನ್ನೇ. ಹಿಡಿದುಕೊಂಡು ಹೋಗುವುದು ಎಂದರೆ ಏನು? ವಿಚಾರಣೆಗೆ ಕರೆದರೋ, ಬಂಧಿಸಿದರೋ, ಬಂಧಿಸಿದೆವೆಂದು ಎಲ್ಲೂ ಬರೆಯದೆ ಠಾಣೆಯ ಮೂಲೆಯಲ್ಲಿ ಕೂರಿಸಿದರೋ? ಕಾನೂನಿನ ಕಣ್ಣಿಗೆ ಈ ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ನೋಟಿಸು ಬೇಕು. ಎರಡನೆಯದಕ್ಕೆ ಕಾರಣ ಬೇಕು. ಮೂರನೆಯದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ಆದರೆ ನಮ್ಮ ಮಾತಿನಲ್ಲಿ ಮೂರಕ್ಕೂ ಒಂದೇ ಹೆಸರು.

ಇನ್ನೊಂದನ್ನು ಗಮನಿಸಿ. ‘ಹಿಡ್ಕಂಡು ಹೋಗ್ಯಾರ’ ಎಂದ ಕೂಡಲೇ ಕೇಳುವವರು ‘ಯಾಕ?’ ಅನ್ನುವ ಮೊದಲು ‘ಬಡದಾರೇನು?’ ಅನ್ನುತ್ತಾರೆ. ಬಡಿಯುವುದು ಹಿಡಿಯುವುದರ ಒಂದು ಭಾಗವೇ ಎಂದು ನಾವು ಒಪ್ಪಿಕೊಂಡು ಎಷ್ಟೋ ಕಾಲವಾಗಿದೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಹಿಡಿಯಲು ಬಳಸುವ ಬಲ ಒಂದು, ಹಿಡಿದ ಮೇಲೆ ಬಳಸುವ ಬಲ ಇನ್ನೊಂದು. ಪೊಲೀಸರ ಬಗ್ಗೆ ನಾವು ಚಹಾದಂಗಡಿಯಲ್ಲಿ, ಟೀವಿಯಲ್ಲಿ, ವಿಧಾನಸಭೆಯಲ್ಲಿ ಮಾಡುವ ಜಗಳದಲ್ಲಿ ಇವೆರಡೂ ಕಲಸಿಹೋಗಿವೆ. ಅದಕ್ಕೇ ಆ ಜಗಳ ಬಗೆಹರಿಯುವುದಿಲ್ಲ.

ಈಚಿನ ಜಗಳದಿಂದಲೇ ಶುರು ಮಾಡೋಣ. 2025ರ ಏಪ್ರಿಲ್ 13, ಭಾನುವಾರ. ಹುಬ್ಬಳ್ಳಿಯಲ್ಲಿ ಐದು ವರ್ಷದ ಒಂದು ಮಗುವನ್ನು ಎತ್ತಿಕೊಂಡು ಹೋಗಿ ಕೊಲ್ಲಲಾಯಿತು. ಊರಿಗೆ ಊರೇ ಠಾಣೆಯ ಮುಂದೆ ನೆರೆಯಿತು. ಬಿಹಾರ ಮೂಲದ ಆರೋಪಿಯೊಬ್ಬ ಅದೇ ದಿನ ಸಿಕ್ಕಿಬಿದ್ದ. ಅವನ ಗುರುತು, ವಾಸದ ಜಾಗ ಖಚಿತ ಮಾಡಿಕೊಳ್ಳಲು ಕರೆದೊಯ್ದಾಗ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿ ಓಡಲು ನೋಡಿದ, ಎಚ್ಚರಿಕೆಯ ಗುಂಡಿಗೂ ನಿಲ್ಲಲಿಲ್ಲ, ಆಗ ಮಹಿಳಾ ಪಿಎಸ್‌ಐ ಗುಂಡು ಹಾರಿಸಿದರು, ಅವನು ಸತ್ತ. ಇದು ಪೊಲೀಸರು ಕೊಟ್ಟ ವಿವರ. ಮರುದಿನ ಆ ಅಧಿಕಾರಿಗೆ ರಾಜ್ಯದ ಉದ್ದಗಲಕ್ಕೂ ಜೈಕಾರ. ಅದೇ ಹೊತ್ತಿಗೆ ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಶವ ಸುಡಬೇಡಿ, ಸಾಕ್ಷ್ಯ ಕಾಪಾಡಿ ಎಂಬ ನಿರ್ದೇಶನ ಬಂತು. ತನಿಖೆ ಸಿಐಡಿ ಪಾಲಾಯಿತು.

ರಾಯಚೂರಿನಲ್ಲೂ ಆ ವಾರವೆಲ್ಲ ಇದೇ ಮಾತು. ಒಬ್ಬರು, ‘ಕೋರ್ಟು, ಕಚೇರಿ ಅಂತ ಹತ್ತು ವರ್ಷ ಅಲೆಸೋದಕ್ಕಿಂತ ಇದೇ ಚಲೋ’ ಅಂದರು. ಇನ್ನೊಬ್ಬರು, ‘ಅವನೇ ಮಾಡ್ಯಾನಂತ ಯಾರು ತೀರ್ಮಾನ ಮಾಡಿದ್ರು?’ ಅಂದರು. ಮೊದಲನೆಯವರನ್ನು ಕಲ್ಲುಮನಸ್ಸಿನವರು ಎಂದು ಬೈಯುವುದು ಸುಲಭ. ಆದರೆ ಆ ಮಾತಿನ ಹಿಂದೆ ಮಗುವಿನ ಮೇಲಿನ ಮರುಕವಿದೆ, ನ್ಯಾಯ ತಡವಾಗುತ್ತದೆ ಎಂಬ ನಿಜವಾದ ಬೇಸರವಿದೆ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಇದಕ್ಕೂ ಸುಮಾರು ಐದು ವರ್ಷ ಹಿಂದೆ, ನಮ್ಮ ಬಸ್ಸುಗಳು ಹೈದರಾಬಾದಿಗೆ ಹೋಗುವ ದಾರಿಯಲ್ಲೇ, ಶಾದನಗರದ ಹತ್ತಿರ ಚಟಾನ್‌ಪಲ್ಲಿಯಲ್ಲಿ ಇಂಥದೇ ಒಂದು ನಡೆದಿತ್ತು. ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರವೆಸಗಿ ಕೊಂದ ಆರೋಪದ ನಾಲ್ವರನ್ನು 2019ರ ಡಿಸೆಂಬರ್ 6ರ ನಸುಕಿನಲ್ಲಿ ಸ್ಥಳ ಪರಿಶೀಲನೆಗೆಂದು ಕರೆದೊಯ್ದರು. ನಾಲ್ವರೂ ಗುಂಡಿಗೆ ಬಲಿಯಾದರು. ಪೊಲೀಸರ ಮೇಲೆ ಹೂವು ಸುರಿದ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು. ಸುಪ್ರೀಂ ಕೋರ್ಟು ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಅವರ ಆಯೋಗ ನೇಮಿಸಿತು. 2022ರಲ್ಲಿ ಬಹಿರಂಗವಾದ ಆ ವರದಿ, ಪೊಲೀಸರ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರನ್ನು ವಿಚಾರಣೆಗೆ ಗುರಿಪಡಿಸಬೇಕು ಎಂದಿತು. ಹೂವು ಸುರಿಯಲು ಒಂದು ಬೆಳಗು ಸಾಕಾಯಿತು. ನಿಜ ಹೇಳಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು.

ಹುಬ್ಬಳ್ಳಿಯದೂ ಹಾಗೆಯೇ ಎಂದು ನಾನು ಹೇಳುತ್ತಿಲ್ಲ. ಒಂದರ ವರದಿಯನ್ನು ಇನ್ನೊಂದಕ್ಕೆ ಅಂಟಿಸುವುದು ತಪ್ಪು. ಗುಂಡು ಹಾರಿದ ದಿನ ನಮಗೆ ಗೊತ್ತಿರುವುದು ಗುಂಡು ಹಾರಿಸಿದವರ ಮಾತು ಮಾತ್ರ. ಅಷ್ಟನ್ನೇ ಇಟ್ಟುಕೊಂಡು ಜೈಕಾರವನ್ನೂ ಹಾಕಬಾರದು, ಧಿಕ್ಕಾರವನ್ನೂ ಕೂಗಬಾರದು. ಅದಕ್ಕೆಂದೇ 2014ರಲ್ಲಿ ಸುಪ್ರೀಂ ಕೋರ್ಟು ಹದಿನಾರು ಸೂತ್ರಗಳನ್ನು ಹಾಕಿಕೊಟ್ಟಿತು. ಪೊಲೀಸರ ಗುಂಡಿಗೆ ಸಾವಾದರೆ ಎಫ್‌ಐಆರ್ ಆಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯವರು ಮಾಡಬೇಕು. ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು. ಶೌರ್ಯದ ಬಗ್ಗೆ ಸಂಶಯವಿಲ್ಲವೆಂದು ಸ್ಥಾಪಿತವಾಗುವವರೆಗೆ ಪದಕ, ಬಡ್ತಿ ಕೊಡಬಾರದು. ಈ ಕೊನೆಯ ಸೂತ್ರ ಬರೆದವರಿಗೆ ನಮ್ಮ ಜನರ ಮನಸ್ಸು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯದರ 46ನೆಯ ಕಲಂ ಹೊಸದರಲ್ಲಿ 43 ಆಗಿದೆ. ಒಳಗಿನ ಮಾತು ಬಹುಪಾಲು ಅದೇ. ಬಂಧಿಸುವುದೆಂದರೆ ಆಸಾಮಿಯ ಮೈಯನ್ನು ಮುಟ್ಟುವುದು ಅಥವಾ ತಡೆದು ನಿಲ್ಲಿಸುವುದು. ಅವನು ಮಾತಿನಿಂದಲೋ ನಡೆಯಿಂದಲೋ ‘ಬರ್ತೀನಿ ನಡೀರಿ’ ಅಂದರೆ ಮುಟ್ಟುವುದೂ ಬೇಕಿಲ್ಲ. ಹೆಂಗಸರ ವಿಷಯದಲ್ಲಂತೂ ಅನಿವಾರ್ಯವಾದ ಹೊರತು ಗಂಡು ಪೊಲೀಸರು ಮೈ ಮುಟ್ಟುವಂತಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು.

ಆಸಾಮಿ ಬಲದಿಂದ ಎದುರು ಬಿದ್ದರೆ? ಆಗ ಬಂಧನಕ್ಕೆ ಅಗತ್ಯವಾದ ಎಲ್ಲ ಉಪಾಯಗಳನ್ನೂ ಬಳಸಬಹುದು ಎನ್ನುತ್ತದೆ ಕಲಂ. ‘ಎಲ್ಲ’ ಎಂಬ ಪದವನ್ನು ಕೆಲವರು ಗಟ್ಟಿಯಾಗಿ ಓದುತ್ತಾರೆ. ಗಟ್ಟಿಯಾಗಿ ಓದಬೇಕಾದ ಪದ ‘ಅಗತ್ಯವಾದ’. ಅದರ ಬೆನ್ನಿಗೇ ಇನ್ನೊಂದು ಗೆರೆ ಇದೆ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗುವಂಥ ಅಪರಾಧದ ಆರೋಪ ಇಲ್ಲದವನನ್ನು ಬಂಧಿಸುವಾಗ ಸಾಯಿಸುವ ಹಕ್ಕು ಈ ಕಲಂನಿಂದ ಯಾರಿಗೂ ಬರುವುದಿಲ್ಲ. ಅಂಥ ಆರೋಪ ಇದ್ದವನಾದರೂ ಅಗತ್ಯ ಎಂಬುದನ್ನು ತೋರಿಸಿಕೊಡಲೇಬೇಕು. ಹಿಡಿದ ಮೇಲೆ? 46ನೆಯ ಕಲಂ ಹೇಳುತ್ತದೆ: ತಪ್ಪಿಸಿಕೊಂಡು ಹೋಗದಂತೆ ತಡೆಯಲು ಎಷ್ಟು ಬೇಕೋ ಅಷ್ಟಕ್ಕಿಂತ ಹೆಚ್ಚು ಬಿಗಿ ಮಾಡಬಾರದು. ಇಡೀ ಸಂಹಿತೆಯನ್ನು ಹುಡುಕಿದರೂ ಬಾಯಿ ಬಿಡಿಸಲು ಬಲ, ಬುದ್ಧಿ ಕಲಿಸಲು ಬಲ ಎಂಬುದು ಸಿಗುವುದಿಲ್ಲ.

ಪೊಲೀಸರ ಕಡೆಯಿಂದಲೂ ನೋಡಬೇಕು. ಕಾಗದದ ಮೇಲೆ ಕಲಂ ಓದುವುದು ಬೇರೆ, ರಾತ್ರಿ ಎರಡು ಗಂಟೆಗೆ ಹೊಳೆದಂಡೆಯಲ್ಲಿ ನಿಲ್ಲುವುದು ಬೇರೆ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ಹತ್ತಿರ ಮರಳಿನ ಲಾರಿ ತಡೆಯಲು ಹೋದ ಗ್ರಾಮ ಲೆಕ್ಕಿಗರೊಬ್ಬರ ಮೇಲೆ ಆ ಲಾರಿಯೇ ಹರಿದು ಪ್ರಾಣ ಹೋಯಿತು. 2023ರ ಜೂನ್‌ನಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಮರಳು ಟ್ರ್ಯಾಕ್ಟರ್ ತಡೆದ ಹೆಡ್ ಕಾನ್‌ಸ್ಟೆಬಲ್‌ಗೂ ಅದೇ ಗತಿ. 2024ರ ಆರಂಭದಲ್ಲಿ ದೇವದುರ್ಗದಲ್ಲಿ ಮರಳಿನ ವಿಚಾರಕ್ಕೆ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಹಲ್ಲೆಯಾಯಿತೆಂಬ ದೂರು ಜಿಲ್ಲೆಯಲ್ಲೆಲ್ಲ ಸುದ್ದಿ ಮಾಡಿತು. ಕೃಷ್ಣೆ, ತುಂಗಭದ್ರೆ ಎರಡೂ ನಮ್ಮವು. ಎರಡರ ದಂಡೆಯಲ್ಲೂ ಮರಳಿನ ಜಗಳವಿದೆ. ಮೈಮೇಲೆ ಲಾರಿ ನುಗ್ಗಿಸುವವನ ಎದುರು ನಿಂತವರಿಗೆ ‘ಮೃದುವಾಗಿ ವರ್ತಿಸಿ’ ಎಂದು ಇಲ್ಲಿ ಫ್ಯಾನಿನ ಕೆಳಗೆ ಕೂತು ಉಪದೇಶಿಸುವುದು ನನಗೆ ಸಾಧ್ಯವಿಲ್ಲ. ಅವರಿಗೂ ನಮ್ಮಂತೆಯೇ ಆತ್ಮರಕ್ಷಣೆಯ ಹಕ್ಕಿದೆ. ಕೆಲವೊಮ್ಮೆ ಮೂರು ಜನ ಪೊಲೀಸರು ಒಬ್ಬನನ್ನು ಕರೆತರಲು ಹೋದರೆ ಊರೇ ಜೀಪು ಸುತ್ತುವರಿಯುತ್ತದೆ. ಅಂಥಲ್ಲಿ ನೂಕುವುದು, ಎಳೆಯುವುದು, ಲಾಠಿ ಬೀಸುವುದು ನಡೆಯುತ್ತದೆ. ಅದು ಹಿಡಿಯುವ ಬಲ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ವಾದಿಸಬಹುದು.

ಆದರೆ ಅದೇ ಮನುಷ್ಯ ಠಾಣೆಯೊಳಗೆ ಬಂದು, ಬಾಗಿಲು ಹಾಕಿ, ಕೈಗೆ ಬೇಡಿ ಬಿದ್ದ ಮೇಲೆ ಬೀಳುವ ಏಟಿಗೂ ಲಾರಿಗೂ ಯಾವ ಸಂಬಂಧ? ಹೊಳೆದಂಡೆಯ ಅಪಾಯವನ್ನು ತೋರಿಸಿ ಲಾಕಪ್ಪಿನ ಏಟಿಗೆ ಸಮರ್ಥನೆ ಕೊಡುವುದು ನಮ್ಮ ಸಾರ್ವಜನಿಕ ಚರ್ಚೆಯ ದೊಡ್ಡ ಕೈಚಳಕ. ಲಾಕಪ್ಪಿನ ಏಟನ್ನು ತೋರಿಸಿ ಹೊಳೆದಂಡೆಯ ಪೊಲೀಸನನ್ನೂ ರಾಕ್ಷಸನೆಂದು ಕರೆಯುವುದು ಅದರ ಇನ್ನೊಂದು ಮಗ್ಗುಲು.

ಬಾಯಿ ಬಿಡಿಸಲು ಹೊಡೆಯುವುದು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದಕ್ಕೇ ಒಂದು ಪ್ರಕರಣವಿದೆ. ಈ ಗ್ರಂಥದ ಓಲೆಗರಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾಯಿತು ಎಂಬುದು ಕನ್ನಡ ನಾಡಿನ ಹೆಮ್ಮೆ. ಹಿಂಸೆಯ ಬಗೆಗಳನ್ನು ಲೆಕ್ಕ ಹಾಕಿ ಬರೆದ ಅದೇ ಕೌಟಿಲ್ಯ ಅಲ್ಲೇ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ: ನೋವಿನ ಭಯಕ್ಕೆ ಕಳ್ಳನಲ್ಲದವನೂ ಕಳ್ಳನೆಂದು ಒಪ್ಪಿಕೊಂಡುಬಿಡುತ್ತಾನೆ. ಅದಕ್ಕೆ ಅವನು ಕೊಡುವ ಉದಾಹರಣೆ ಅಣಿಮಾಂಡವ್ಯ. ಪುರಾಣ ಕೇಳಿ ಬೆಳೆದ ಹಿರಿಯರಿಗೆ ಈ ಕಥೆ ಗೊತ್ತು. ಕಳ್ಳರು ಕದ್ದ ಮಾಲನ್ನು ಋಷಿಯ ಆಶ್ರಮದಲ್ಲಿ ಬಚ್ಚಿಟ್ಟರು. ರಾಜಭಟರು ಬಂದು ಋಷಿಯನ್ನೇ ಶೂಲಕ್ಕೇರಿಸಿದರು. ಭಾರತದಲ್ಲಿ ಅವನು ಮೌನವ್ರತದಲ್ಲಿದ್ದ. ಅರ್ಥಶಾಸ್ತ್ರದಲ್ಲಿ ಅವನು ನೋವಿಗೆ ಹೆದರಿ ಒಪ್ಪಿಕೊಂಡ. ಆಡಳಿತ ಬಲ್ಲ ಕೌಟಿಲ್ಯನಿಗೆ ಎರಡನೆಯದೇ ಹೆಚ್ಚು ಸಹಜವಾಗಿ ಕಂಡಿರಬೇಕು.

ಅಲ್ಲಿಂದ ನೇರವಾಗಿ ನಮ್ಮ ಹೊಳೆಯ ಆಚೆ ದಡಕ್ಕೆ ಬರೋಣ. ಮಾನ್ವಿ ತಾಲ್ಲೂಕಿನ ದಕ್ಷಿಣಕ್ಕೆ ತುಂಗಭದ್ರೆ. ದಾಟಿದರೆ ಆದೋನಿ ಸೀಮೆ. ಅದು ಆಗ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರೆಸಿಡೆನ್ಸಿ. ಆ ಪ್ರೆಸಿಡೆನ್ಸಿಯಲ್ಲಿ ಕಂದಾಯ ವಸೂಲಿಗೂ ಕಳ್ಳತನದ ತನಿಖೆಗೂ ಜನರಿಗೆ ಚಿತ್ರಹಿಂಸೆ ಕೊಡುತ್ತಾರೆಂದು 1854ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. ಮೂವರ ಆಯೋಗ ನೇಮಕವಾಗಿ, 1855ರಲ್ಲಿ ವರದಿ ಕೊಟ್ಟಿತು. ರೈತರು ದೂರದೂರದಿಂದ ಬಂದು ದೂರು ಹೇಳಿದರು. ಎರಡು ಹಿಂಸೆಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ಒಂದು, ತಲೆಯನ್ನು ಕಾಲ್ಬೆರಳಿಗೆ ತಾಗುವಂತೆ ಬಗ್ಗಿಸಿ ಹಗ್ಗದಿಂದ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು. ಇನ್ನೊಂದು, ಎರಡು ಕಟ್ಟಿಗೆಗಳ ನಡುವೆ ಬೆರಳಿಟ್ಟು ಒತ್ತುವ ‘ಕಿಟ್ಟಿ’. ಕಾರ್ಲ್ ಮಾರ್ಕ್ಸ್ ಕೂಡ 1857ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಈ ಹಿಂಸೆಗಳ ಬಗ್ಗೆ ಬರೆದ. ಕಂದಾಯ ವಸೂಲಿ ಮಾಡುವವನ ಕೈಯಲ್ಲೇ ಪೊಲೀಸು ಅಧಿಕಾರವೂ ಇದ್ದದ್ದು ರೋಗದ ಮೂಲ ಎಂದು ಆಯೋಗ ಕಂಡುಕೊಂಡಿತು. ಎರಡನ್ನೂ ಬೇರ್ಪಡಿಸಿ 1859ರಲ್ಲಿ ಮದ್ರಾಸ್ ಪೊಲೀಸ್ ಕಾಯ್ದೆ ಬಂತು. ಅಂದರೆ, ಖಾಕಿಯ ಪೊಲೀಸು ಇಲಾಖೆ ಹುಟ್ಟಿದ್ದರ ಹಿಂದೆ ಚಿತ್ರಹಿಂಸೆಯನ್ನು ನಿಲ್ಲಿಸುವ ಉದ್ದೇಶವೂ ಇತ್ತು!

ನಿಲ್ಲಲಿಲ್ಲ ಎಂದು ಬೇಗನೆ ಗೊತ್ತಾಗಿರಬೇಕು. ಏಕೆಂದರೆ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಒಂದು ವಿಚಿತ್ರವಾದ ಕಲಂ ಸೇರಿತು, 25ನೆಯದು: ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವೇ ಅಲ್ಲ. ಸರ್ಕಾರ ತನ್ನದೇ ಇಲಾಖೆಯ ಮಾತನ್ನು ನಂಬಬೇಡಿ ಎಂದು ಕಾನೂನು ಬರೆದದ್ದು. ಹೊಡೆದು ಪಡೆದ ತಪ್ಪೊಪ್ಪಿಗೆಗೆ ಬೆಲೆಯೇ ಇಲ್ಲವಾದರೆ ಹೊಡೆಯುವುದೂ ನಿಂತೀತು ಎಂಬ ಲೆಕ್ಕ. ಇಂದಿಗೂ ಆ ನಿಯಮ ಉಳಿದಿದೆ. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೆಯ ಕಲಂ.

ಲೆಕ್ಕ ತಪ್ಪಿದ್ದು ಎಲ್ಲಿ? ಹಳೆಯ ಕಾಯ್ದೆಯ 27ನೆಯ ಕಲಂನಲ್ಲಿ. ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ವಸ್ತು ಪತ್ತೆಯಾದರೆ, ಆ ಮಾಹಿತಿಯಷ್ಟರ ಮಟ್ಟಿಗೆ ಸಾಕ್ಷ್ಯವಾಗುತ್ತದೆ. ಹೊಸ ಕಾಯ್ದೆಯಲ್ಲೂ ಇದು ಇದೆ. ಠಾಣೆಯ ಭಾಷೆಯಲ್ಲಿ ಇದಕ್ಕೆ ‘ಮುದ್ದೆಮಾಲು ತೆಗೆಯುವುದು’ ಎನ್ನುತ್ತಾರೆ. ಬೈಕು, ಬಂಗಾರ, ಪಂಪ್‌ಸೆಟ್ಟು, ಎತ್ತು ಯಾವುದೇ ಕಳವಾಗಲಿ, ಮಾಲು ಸಿಕ್ಕರೆ ಕೇಸು ಗಟ್ಟಿ, ಸಿಗದಿದ್ದರೆ ಸಡಿಲು. ಕಳೆದುಕೊಂಡವರೂ ದಿನಾ ಬಂದು ‘ಸಾಹೇಬ್ರೆ, ಸಿಕ್ತೇನ್ರೀ?’ ಎಂದು ಕೇಳುತ್ತಿರುತ್ತಾರೆ. ಮೇಲಿನವರು ಪತ್ತೆಯ ಲೆಕ್ಕ ಕೇಳುತ್ತಾರೆ. ಬೆರಳಚ್ಚು, ಮೊಬೈಲ್ ಜಾಡು ಎಲ್ಲದಕ್ಕೂ ಕಾಯಬೇಕು. ಲಾಠಿಗೆ ಕಾಯಬೇಕಿಲ್ಲ. ಕೊಲೆ ಕೇಸಿನ ಆರೋಪಿಗಿಂತ ಸಣ್ಣ ಕಳವಿನ ಅನುಮಾನಕ್ಕೆ ಸಿಕ್ಕವನಿಗೆ ಏಟಿನ ಭಯ ಹೆಚ್ಚಿರುವುದು ಈ ಕಾರಣಕ್ಕೇ ಎಂದು ನನ್ನ ಅಂದಾಜು. ಸಣ್ಣ ಕಳವಿನ ಅನುಮಾನ ಯಾರ ಮೇಲೆ ಮೊದಲು ಬೀಳುತ್ತದೆ? ಗುಳೆ ಹೋಗಿ ಬಂದ ಕೂಲಿಯವನ ಮೇಲೆ, ಊರಾಚೆ ಡೇರೆ ಹಾಕಿದವರ ಮೇಲೆ, ಹಿಂದೊಮ್ಮೆ ಹೆಸರು ದಾಖಲಾದವನ ಮೇಲೆ. ಅವರ ಪರವಾಗಿ ಠಾಣೆಗೆ ಫೋನು ಮಾಡುವವರು ಯಾರೂ ಇರುವುದಿಲ್ಲ.

ನಮ್ಮ ದಡದ ಮಾತೂ ಒಂದಿಷ್ಟು. ರಾಯಚೂರು ದೋಆಬು 1853ರಿಂದ 1860ರವರೆಗೆ ಕಂಪನಿ ಮತ್ತು ಬ್ರಿಟಿಷರ ಕೈಯಲ್ಲಿದ್ದು ಮತ್ತೆ ನಿಜಾಮರಿಗೆ ಹೋಯಿತು. ಆಮೇಲೆ ಇಲ್ಲಿನ ಠಾಣೆಗೆ ‘ಅಮೀನ್ ಸಾಹೇಬ’ರ ಕಾಲ. ಪಂಚನಾಮೆ, ಜಾಮೀನು, ಮುಚ್ಚಳಿಕೆ, ಫಿರ್ಯಾದಿ, ಹಾಜರು, ಇವೆಲ್ಲ ಫಾರಸಿ, ಉರ್ದು ದಫ್ತರಿನ ಹಾದಿಯಿಂದ ನಮ್ಮ ಬಾಯಿಗೆ ಬಂದ ಮಾತುಗಳು. 1948ರ ಸೆಪ್ಟೆಂಬರ್ 13ರಿಂದ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದಾಗ ಸರ್ಕಾರ ಅದಕ್ಕೆ ಇಟ್ಟ ಹೆಸರು ‘ಪೊಲೀಸ್ ಕಾರ್ಯಾಚರಣೆ’. ಈಗಲೂ ನಮ್ಮ ಅಜ್ಜಂದಿರು ‘ಪೊಲೀಸ್ ಆಕ್ಷನ್ ಹಿಂದ, ಪೊಲೀಸ್ ಆಕ್ಷನ್ ಮುಂದ’ ಎಂದು ವಯಸ್ಸಿನ ಲೆಕ್ಕ ಹೇಳುತ್ತಾರೆ. ಟ್ಯಾಂಕು, ವಿಮಾನ ಬಂದದ್ದಕ್ಕೂ ಪೊಲೀಸ್ ಎಂದೇ ಹೆಸರು! ರಜಾಕಾರರ ಕಾಟ ತಪ್ಪಿತೆಂದು ಜನ ನಿಟ್ಟುಸಿರು ಬಿಟ್ಟದ್ದು ನಿಜ. ಆ ದಿನಗಳ ಹಿಂದೆಯೇ ಗುಲ್ಬರ್ಗಾ, ಬೀದರ್ ಕಡೆ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನು ಸುಂದರಲಾಲ್ ಸಮಿತಿ ದಾಖಲಿಸಿದ್ದೂ ನಿಜ. ಎರಡು ನೆನಪುಗಳೂ ಇದೇ ಸೀಮೆಯ ಮನೆಗಳಲ್ಲಿವೆ. ಬಲಪ್ರಯೋಗ ಎಂದಾಗ ಒಬ್ಬರಿಗೆ ರಕ್ಷಣೆ, ಇನ್ನೊಬ್ಬರಿಗೆ ನಡುಕ ನೆನಪಾಗುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಪತ್ರಿಕೆಯವನಾಗಿ ಭಾಷೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಆಗದು. ನಮ್ಮ ಪತ್ರಿಕೆಗಳಲ್ಲಿ ‘ಲಘು ಲಾಠಿ ಪ್ರಹಾರ’ ಎಂಬ ಪದ ಎಷ್ಟೋ ದಶಕದಿಂದ ಓಡಾಡುತ್ತಿದೆ. ಲಘು ಯಾರಿಗೆ, ಬೀಸಿದವನಿಗೋ, ತಿಂದವನಿಗೋ? ‘ಲಾಠಿ ರುಚಿ ತೋರಿಸಿದರು’ ಎಂದೂ ಬರೆಯುತ್ತಾರೆ, ಹಬ್ಬದ ಹೋಳಿಗೆ ಬಡಿಸಿದ ಹಾಗೆ. ‘ಕಾಲಿಗೆ ಗುಂಡು’ ಎಂಬುದು ಈಗಿನ ಶೀರ್ಷಿಕೆ. ಮಹಜರಿಗೆ ಕರೆದೊಯ್ದಾಗ ಹಲ್ಲೆಗೆ ಯತ್ನ, ಎಚ್ಚರಿಕೆ, ಆತ್ಮರಕ್ಷಣೆಗಾಗಿ ಮೊಣಕಾಲಿನ ಕೆಳಗೆ ಗುಂಡು, ಆಸ್ಪತ್ರೆಗೆ ದಾಖಲು. ಊರಿನ ಹೆಸರು ಬದಲಿಸಿದರೆ ಒಂದೇ ಸುದ್ದಿಯನ್ನು ಹತ್ತು ಕಡೆ ಹಾಕಬಹುದು. ಅದರಲ್ಲಿ ಯಾವುದು ನಿಜವಾದ ಆತ್ಮರಕ್ಷಣೆ, ಯಾವುದು ಶಿಕ್ಷೆ ಎಂಬುದನ್ನು ಆ ನಾಲ್ಕು ಸಾಲಿನಿಂದ ಹೇಳಲಾಗದು. ‘ಪೊಲೀಸರು ತಿಳಿಸಿದ್ದಾರೆ’ ಎಂಬ ಎರಡು ಪದ ಇದೆಯೇ ಎಂದು ಓದುಗರು ನೋಡಬೇಕು.

ಇನ್ನು ಕೋರ್ಟುಗಳು ಕಟ್ಟಿದ ಬೇಲಿಗಳು. 1980ರಲ್ಲಿ ಸುಪ್ರೀಂ ಕೋರ್ಟು ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ, ಕೈಗೆ ಬೇಡಿ ಹಾಕುವುದು ರೂಢಿಯಾಗಬಾರದು, ಕಾರಣ ಬರೆದಿಡಬೇಕು ಎಂದಿತು. 1996ರ ಡಿಸೆಂಬರಿನಲ್ಲಿ ಬಂದ ಡಿ.ಕೆ. ಬಸು ತೀರ್ಪು ಎಲ್ಲಕ್ಕಿಂತ ದೊಡ್ಡದು. ಬಂಧಿಸುವವರ ಎದೆಯ ಮೇಲೆ ಹೆಸರು ಕಾಣಬೇಕು. ಬಂಧನದ ಮೆಮೊ ಬರೆದು ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಹಿ ಹಾಕಿಸಬೇಕು. ಮೈಮೇಲಿನ ಗಾಯಗಳನ್ನು ಆಗಲೇ ದಾಖಲಿಸಬೇಕು. ಇವುಗಳಲ್ಲಿ ಹೆಚ್ಚಿನವು ಮುಂದೆ ಕಾನೂನೇ ಆದವು. 2014ರ ಅರ್ನೇಶ್ ಕುಮಾರ್ ತೀರ್ಪು, ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಕಣ್ಣು ಮುಚ್ಚಿ ಬಂಧಿಸಬೇಡಿ, ನೋಟಿಸು ಕೊಡಿ ಎಂದಿತು. 2020ರಲ್ಲಿ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇ‌ರಬೇಕೆಂಬ ಆದೇಶ ಬಂತು.

ನಮ್ಮದೇ ಹೈಕೋರ್ಟು 2022ರ ಜೂನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಹೋಯಿತು. ಬೆಳಗಾವಿ ಜಿಲ್ಲೆಯಲ್ಲಿ ಚೆಕ್ ಬೌನ್ಸ್ ಪ್ರಕರಣದ ವಾರಂಟಿನ ಮೇಲೆ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಬೇಡಿ ತೊಡಿಸಿ ಜನರ ಎದುರು ಕರೆದೊಯ್ದಿದ್ದರು. ಧಾರವಾಡ ಪೀಠ ಅವನಿಗೆ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧಿಸುವ ಅಧಿಕಾರವುಳ್ಳ ಪೊಲೀಸರಿಗೆ ಮೈಮೇಲೆ ಧರಿಸುವ ಕ್ಯಾಮರಾ ಕೊಡಬೇಕೆಂದೂ ಹೇಳಿತು. ನನ್ನ ಅಭಿಪ್ರಾಯದಲ್ಲಿ ಈ ಕ್ಯಾಮರಾ ಪ್ರಾಮಾಣಿಕ ಪೊಲೀಸನಿಗೇ ಹೆಚ್ಚು ಉಪಯೋಗ. ಹೊಳೆದಂಡೆಯಲ್ಲಿ ತನ್ನ ಮೇಲೆ ಯಾರು ನುಗ್ಗಿದರು ಎಂಬುದಕ್ಕೆ ಅವನಿಗೂ ಸಾಕ್ಷಿ ಬೇಕಲ್ಲ! ಹೊಸ ಸಂಹಿತೆ ಮಾತ್ರ ಬೇಡಿಯ ವಿಷಯದಲ್ಲಿ ಸ್ವಲ್ಪ ಹಿಂದಕ್ಕೆ ಹೊರಳಿದೆ. ಪದೇ ಪದೇ ಅಪರಾಧ ಮಾಡುವವರು, ಕೊಲೆ, ಅತ್ಯಾಚಾರ, ಮಾದಕ ವಸ್ತು ಮುಂತಾದ ಪ್ರಕರಣದವರಿಗೆ ಬೇಡಿ ಹಾಕಬಹುದೆಂದು ಅದೇ 43ನೆಯ ಕಲಂನಲ್ಲಿ ಸೇರಿಸಿದೆ. ಅಪರಾಧದ ಸ್ವರೂಪ, ಗಂಭೀರತೆ ನೋಡಿ ಹಾಕಬೇಕೆಂಬ ಮಾತು ಜೊತೆಗಿದೆ.

ತೀರ್ಪುಗಳು ದಿಲ್ಲಿಯಲ್ಲಿ ಹುಟ್ಟುತ್ತವೆ, ದೇವದುರ್ಗದ ತಾಂಡಾಕ್ಕೆ ತಲುಪುವುದು ಹೇಗೆ? ಮೊದಲಾದರೆ ‘ನನ್ನ ಮಗನನ್ನು ಹಾಜರುಪಡಿಸಿ’ ಎಂದು ಹೈಕೋರ್ಟಿನಲ್ಲಿ ಅರ್ಜಿ ಹಾಕಲು ಇಲ್ಲಿಂದ ನಾನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಹೋಗಬೇಕಿತ್ತು. 2008ರ ಜುಲೈನಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಈಗ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ ಬರಬಹುದು. ಅಂಥ ಅರ್ಜಿಯ ಮಾತಿನಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಮಾನ್ವಿಯಿಂದ ಬಂದಿರುವ ತಾಯಿಯೊಬ್ಬರು ಸಭೆಗೆ ಮುಂಚೆ ನನ್ನನ್ನು ಕೇಳಿದರು: ‘ಯಪ್ಪಾ, ಇದೆಲ್ಲ ಸರಿ. ರಾತ್ರಿ ಬಂದು ಹಿಡ್ಕಂಡು ಹೋದ್ರ ನಾವೇನ್ ಮಾಡ್ಬೇಕು, ಅದನ್ನ ಹೇಳು.’

ಯವ್ವಾ, ಮೊದಲು ಬಂದವರ ಹೆಸರು, ಯಾವ ಠಾಣೆ ಎಂದು ಕೇಳಿ, ಹೊತ್ತು ಎಷ್ಟೆಂದು ಗೋಡೆಯ ಮೇಲಾದರೂ ಬರೆದಿಡಿ. ಯಾಕೆ ಬಂಧನ ಎಂದು ಹೇಳುವುದು ಅವರ ಕರ್ತವ್ಯ. ಮೆಮೊ ಕೇಳಿ, ಸಹಿ ಮಾಡುವ ಮುನ್ನ ಅದರಲ್ಲಿನ ಗಂಟೆ ಸರಿಯಿದೆಯೇ ಓದಿಸಿಕೊಳ್ಳಿ. ಅರವತ್ತು ದಾಟಿದವರನ್ನು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪಕ್ಕೆ ಡಿವೈಎಸ್‌ಪಿ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ. ಬಂಧಿತರ ಹೆಸರನ್ನು ಠಾಣೆಯಲ್ಲಿ ಕಾಣುವಂತೆ ಹಾಕಬೇಕು, ಹಾಕಿದ್ದಾರೆಯೇ ನೋಡಿ. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದಿದ್ದರೆ 15100ಕ್ಕೆ ಫೋನು ಮಾಡಿ, ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬನ್ನಿ. ಪುಕ್ಕಟೆ ವಕೀಲರು ಸಿಗುತ್ತಾರೆ. ಸರ್ಕಾರಿ ವೈದ್ಯರು ಪರೀಕ್ಷೆ ಮಾಡಲೇಬೇಕು, ಆ ವರದಿಯ ಒಂದು ಪ್ರತಿ ಬಂಧಿತನಿಗೆ ಕೊಡಬೇಕು. ಪೊಲೀಸರು ಪಕ್ಕದಲ್ಲೇ ನಿಂತಿದ್ದರೂ ಎಲ್ಲಿ ನೋವಿದೆ ಎಂದು ವೈದ್ಯರಿಗೆ ಹೇಳಲಿ. ದಾರಿಯ ಹೊತ್ತು ಬಿಟ್ಟು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಗ ನೀವೂ ಅಲ್ಲಿರಿ. ‘ಪೊಲೀಸರಿಂದ ಏನಾದರೂ ತೊಂದರೆ ಆಯಿತೇ?’ ಎಂದು ಅವರು ಕೇಳುತ್ತಾರೆ. ಎಷ್ಟೋ ಜನ ಹೆದರಿ ‘ಇಲ್ಲ’ ಅಂದುಬಿಡುತ್ತಾರೆ, ಆ ‘ಇಲ್ಲ’ ಕಾಗದದ ಮೇಲೆ ಉಳಿದುಬಿಡುತ್ತದೆ. ಹೊಡೆದಿಲ್ಲದಿದ್ದರೆ ಇಲ್ಲ ಎನ್ನಲಿ. ಹೊಡೆದಿದ್ದರೆ ಯಾವಾಗ, ಎಲ್ಲಿ, ಯಾತರಿಂದ ಎಂದು ಅಲ್ಲೇ ಹೇಳಬೇಕು, ಅಂಗಿ ತೆಗೆದು ತೋರಿಸಬೇಕು.